ಬಾಸ್ಟನ್ ಕಾಲಿಗೆ ಬಿದ್ದ ಪೆಟ್ಟು

ನಿನ್ನೆ ರಾತ್ರಿ ನಮ್ಮ ಹಳೇ ಟೀಮಿನ ವಾಟ್ಸಾಪ್ ಗುಂಪಿಗೆ ಯಾರೋ ಅದೇ ರೀಲ್ ಹಾಕಿದ್ದರು. ಹಾಲೆಂಡಿನ ಫುಟ್‌ಬಾಲ್ ಸ್ಟ್ರೈಕರ್ ಮಾರ್ಕೊ ವಾನ್ ಬಾಸ್ಟನ್, 1988ರ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್, ಚೆಂಡು ನೆಲ ಮುಟ್ಟುವ ಮೊದಲೇ ಒದ್ದ ಆ ವಾಲಿ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನಿನ್ನೆಯೂ ಮೂರು ಸಲ ನೋಡಿದೆ. ಆಮೇಲೆ ಅದರ ಕೆಳಗಿದ್ದ ಮೆಸೇಜ್ ಓದಿದೆ. "ಎಂಥಾ ಗೋಲು! ಪಾಪ, ಹಣೆಬರಹ ನೆಟ್ಟಗಿರಲಿಲ್ಲ, 28ಕ್ಕೇ ಮುಗೀತು." ಐದಾರು ಜನ ಕೈಮುಗಿದ ಇಮೋಜಿ ಒತ್ತಿದ್ದರು. ಅಲ್ಲಿಗೆ ನನ್ನ ನಿದ್ದೆ ಹೋಯಿತು.

ಅಲ್ಲಾ ಸ್ವಾಮಿ, ಇದರಲ್ಲಿ ಹಣೆಬರಹ ಎಲ್ಲಿಂದ ಬಂತು?

ಮೊದಲು ಆ ಗೋಲಿನ ವಿಷಯ ಹೇಳಿಬಿಡ್ತೀನಿ. ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣ, ಜೂನ್ 25, 54ನೇ ನಿಮಿಷ. ಎದುರಿಗೆ ಸೋವಿಯತ್ ಒಕ್ಕೂಟ. 37 ವರ್ಷದ ಆರ್ನಾಲ್ಡ್ ಮ್ಯೂರೆನ್ ಎಡಗಡೆಯಿಂದ ಚೆಂಡನ್ನು ಎತ್ತರಕ್ಕೆ ಎತ್ತಿ ಕಳಿಸುತ್ತಾನೆ. ಚೆಂಡು ಇಡೀ ಬಾಕ್ಸ್ ದಾಟಿ ಬಲಗಡೆ ಬಂದು ಇಳಿಯುತ್ತದೆ. ಅಲ್ಲಿಂದ ಗೋಲು ಕಾಣುವುದೇ ಕಷ್ಟ. ಯಾರಾದರೂ ಚೆಂಡನ್ನು ನಿಲ್ಲಿಸಿ ಒಳಗೆ ಪಾಸ್ ಕೊಡುತ್ತಾರೆ. ಬಾಸ್ಟನ್ ಅದನ್ನು ನೆಲ ಮುಟ್ಟಲಿಕ್ಕೇ ಬಿಡಲಿಲ್ಲ. ಗೋಲಿನಲ್ಲಿ ನಿಂತಿದ್ದವನು ದಸಾಯೆವ್, ಆ ಕಾಲದ ದೊಡ್ಡ ಗೋಲ್‌ಕೀಪರ್‌ಗಳಲ್ಲಿ ಒಬ್ಬ. ಚೆಂಡು ಅವನ ತಲೆ ಮೇಲಿಂದ ಹಾದು ಆಚೆ ಮೂಲೆಗೆ ಹೋಯಿತು. ಕೋಚ್ ರೀನಸ್ ಮಿಖೆಲ್ಸ್ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡರು.

ಆದರೆ ರೀಲ್ ಹಂಚುವವರು ಹೇಳದ ಮಾತೊಂದಿದೆ. ಆ ಸೀಸನ್‌ನಲ್ಲಿ ಇಟಲಿಯ ಮಿಲಾನ್ ಕ್ಲಬ್ ಪರ ಅವನು ಆಡಿದ್ದು 11 ಲೀಗ್ ಪಂದ್ಯ ಮಾತ್ರ. ಆ್ಯಂಕಲ್ (ಪಾದದ ಗಂಟು) ಆಪರೇಷನ್ ಆಗಿತ್ತು. ಯೂರೋದ ಮೊದಲ ಪಂದ್ಯದ ಶುರುವಿಗೆ ಅವನು ಬೆಂಚ್ ಮೇಲೆ ಕೂತಿದ್ದ. ಮುಂದಿನ ಪಂದ್ಯದಲ್ಲಿ ಇಂಗ್ಲೆಂಡ್ ವಿರುದ್ಧ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ 88ನೇ ನಿಮಿಷದಲ್ಲಿ ಗೆಲುವಿನ ಗೋಲು. ಆಮೇಲೆ ಈ ವಾಲಿ. ಅಂದರೆ ನೀವು ಚಪ್ಪಾಳೆ ಹೊಡೆಯುವ ಆ ಗೋಲು ಕೂಡ ಪೆಟ್ಟು ತಿಂದು ಎದ್ದವನದೇ.

ಆ ಪೆಟ್ಟು ಹೇಗಾಯಿತು? 1986ರ ಡಿಸೆಂಬರ್‌ನಲ್ಲಿ, ಹಾಲೆಂಡಿನ ಅಯಾಕ್ಸ್ ಕ್ಲಬ್ ಪರ ಖ್ರೋನಿಂಗನ್ ವಿರುದ್ಧ ಆಡುವಾಗ. ಆಗ ಅವನಿಗೆ 22. ನಾಲ್ಕೂವರೆ ವರ್ಷದ ಹಿಂದೆ ಡಚ್ ದಿಗ್ಗಜ ಯೊಹಾನ್ ಕ್ರೈಫ್ ಬದಲಿಗೆ ಇಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದಿದ್ದ ಹುಡುಗ. ಅಯಾಕ್ಸ್‌ನಲ್ಲಿ ಒಟ್ಟು 133 ಲೀಗ್ ಪಂದ್ಯಕ್ಕೆ 128 ಗೋಲು. ಆ ಸಂಖ್ಯೆಯನ್ನು ಇನ್ನೊಂದು ಸಲ ಓದಿ.

ನನಗೆ ಗೊತ್ತು, ಈಗ ಗುಂಪಿನಲ್ಲಿ ಒಬ್ಬರು ಏಳುತ್ತಾರೆ. "ಗುರುವೇ, ಆ ಮೊದಲ ಪೆಟ್ಟು ಅವನೇ ಎದುರಾಳಿಯ ಚೆಂಡು ಕಸಿಯೋಕೆ ಟ್ಯಾಕಲ್ ಮಾಡಲು ಹೋಗಿ ಮಾಡಿಕೊಂಡಿದ್ದು ಅಲ್ವಾ?" ಹೌದು, ಅವನೇ ಮಾಡಿಕೊಂಡಿದ್ದು. ನಾನು ಮುಚ್ಚಿಡಲ್ಲ. ಕಾಲು ಉಳುಕುವುದು ಆಟದಲ್ಲಿ ಆಗುತ್ತದೆ. ಆದರೆ ಉಳುಕಿದ ಕಾಲಿನ ಮೇಲೆ ಮತ್ತೆ ಮತ್ತೆ ಆಡಿಸುವುದು ಹಣೆಯಲ್ಲಿ ಬರೆದಿರುವುದಿಲ್ಲ. ಅದನ್ನು ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅಯಾಕ್ಸ್‌ಗೆ ಯುರೋಪಿನ ಕಪ್ ಬೇಕಿತ್ತು. ಅವನು ನೋವಿನಲ್ಲೇ ಆಡಿದ. 1987ರ ಮೇನಲ್ಲಿ ಅಥೆನ್ಸ್‌ನಲ್ಲಿ ಕಪ್ ವಿನ್ನರ್ಸ್ ಕಪ್ ಫೈನಲ್. ಗೆದ್ದಿದ್ದು 1-0, ಆ ಒಂದು ಗೋಲು ಅವನದೇ. ಕಪ್ ಬಂತು. ಕಾಲಿನ ಲೆಕ್ಕ ಯಾರು ಕೇಳಿದರು?

ಆಮೇಲೆ ಇಟಲಿ. ಆಗ ಅದರಷ್ಟು ಕಠಿಣ ಲೀಗ್ ಇನ್ನೊಂದಿರಲಿಲ್ಲ. ಹಿಂದಿನಿಂದ ಬಂದು ಸ್ಟ್ರೈಕರ್ ಕಾಲಿಗೆ ಒದೆಯುವುದನ್ನು ಡಿಫೆಂಡರ್‌ನ ಕೆಲಸ ಅಂತಲೇ ಎಲ್ಲರೂ ತಿಳಿದಿದ್ದರು. ರೆಫರಿ ಸುಮ್ನೆ ಫ್ರೀ ಕಿಕ್ ಕೊಟ್ಟು ಮುಂದೆ ಹೋಗುತ್ತಿದ್ದ. ಬಾಸ್ಟನ್ ಎತ್ತರದ ಆಳು, ಬೆನ್ನು ಕೊಟ್ಟು ಚೆಂಡು ಹಿಡಿದು ತಿರುಗುವುದೇ ಅವನ ಸೊಗಸು. ಆ ತಿರುಗುವ ಕ್ಷಣಕ್ಕೇ ಪೆಟ್ಟು ಬೀಳುತ್ತಿತ್ತು. ಹಾಗಿದ್ದೂ 147 ಲೀಗ್ ಪಂದ್ಯದಲ್ಲಿ 90 ಗೋಲು, ಮೂರು ಸಲ ವರ್ಷದ ಶ್ರೇಷ್ಠ ಆಟಗಾರನ ಬ್ಯಾಲನ್ ಡಿ'ಓರ್ ಪ್ರಶಸ್ತಿ. 1989ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೊಮೇನಿಯಾದ ಸ್ಟೆಯುವಾ ವಿರುದ್ಧ ಎರಡು ಗೋಲು ಅವನದು, ಎರಡು ಜೊತೆ ಆಟಗಾರ ಗುಲ್ಲಿಟ್‌ನದು.

ಆಟಗಾರರಿಗೆ ಅಪಾಯ ಆಗುವಂತೆ ಹಿಂದಿನಿಂದ ಟ್ಯಾಕಲ್ ಮಾಡಿದರೆ ನೇರ ಕೆಂಪು ಕಾರ್ಡ್ ಅಂತ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದು 1998ರಲ್ಲಿ. ಆಗ ಬಾಸ್ಟನ್‌ಗೆ ಇನ್ನೂ 33. ಅವನು ಬೂಟು ಬಿಚ್ಚಿಟ್ಟು ಎಷ್ಟೋ ಕಾಲ ಆಗಿತ್ತು. ನಿಯಮ ಬದಲಾಯಿಸಲು ಆಗುತ್ತಿತ್ತು ಅಂದಮೇಲೆ ಅದನ್ನು ಹಣೆಬರಹ ಅನ್ನಬೇಡಿ ದಯವಿಟ್ಟು.

ನನ್ನ ಕಥೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಪೂರ್ತಿ ಗೊತ್ತಿಲ್ಲ. ಕಾಲೇಜು ಫೈನಲ್ ಹಿಂದಿನ ವಾರ ನನ್ನ ಆ್ಯಂಕಲ್ ಊದಿಕೊಂಡಿತ್ತು. ಕೋಚ್ ಬಂದು ಭುಜದ ಮೇಲೆ ಕೈ ಇಟ್ಟು "ಇದೊಂದು ಮ್ಯಾಚ್ ಆಡಿಬಿಡಪ್ಪ" ಅಂದರು. ಸ್ಪ್ರೇ ಹೊಡೆದು, ಟೇಪ್ ಸುತ್ತಿ ಇಳಿದೆ. ನಾನೇ ಒಪ್ಪಿಕೊಂಡೆ, ಖುಷಿಯಿಂದ ಒಪ್ಪಿಕೊಂಡೆ. 19ನೇ ವಯಸ್ಸಿನಲ್ಲಿ ಯಾವ ಹುಡುಗ ತಾನೇ ಆಗಲ್ಲ ಅನ್ನುತ್ತಾನೆ? ಅದನ್ನು ದೊಡ್ಡವರು ಹೇಳಬೇಕಿತ್ತು. ಈಗಲೂ ಚಳಿಗಾಲದ ಬೆಳಗ್ಗೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಬೇಕು. ನಾನು ಯಾವ ದೊಡ್ಡ ಆಟಗಾರನೂ ಅಲ್ಲ, ನಷ್ಟ ನನ್ನೊಬ್ಬನದು. ಆದರೆ ಆ "ಇದೊಂದು ಮ್ಯಾಚ್" ಅನ್ನುವ ಮಾತು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ.

1992ರ ನವೆಂಬರ್ 25ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಗೋಥೆನ್‌ಬರ್ಗ್ ವಿರುದ್ಧ ಬಾಸ್ಟನ್ ನಾಲ್ಕು ಗೋಲು ಹೊಡೆದ. ಒಂದಂತೂ ಬೆನ್ನು ತಿರುಗಿಸಿ ಗಾಳಿಯಲ್ಲಿ ಹೊಡೆದ ಬೈಸಿಕಲ್ ಕಿಕ್. ಮುಂದಿನ ತಿಂಗಳೇ ಮತ್ತೆ ಆಪರೇಷನ್. 1993ರ ಮೇ 26ರಂದು ಫ್ರಾನ್ಸ್‌ನ ಮಾರ್ಸೇ ವಿರುದ್ಧ ಅದೇ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಇಳಿದ. ಮಿಲಾನ್ 0-1ರಿಂದ ಸೋತಿತು. ಅದೇ ಅವನ ಕೊನೆಯ ಪಂದ್ಯ. ಎಲ್ಲಿ ಗೊತ್ತಾ? ಮ್ಯೂನಿಕ್‌ನ ಅದೇ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಆ ವಾಲಿ ಹೊಡೆದು ಐದು ವರ್ಷವೂ ತುಂಬಿರಲಿಲ್ಲ.

28 ಅಂದರೆ ಸ್ಟ್ರೈಕರ್‌ಗೆ ಏನು ವಯಸ್ಸು? ಪೋಲೆಂಡಿನ ಸ್ಟ್ರೈಕರ್ ಲೆವಾಂಡೊವ್ಸ್ಕಿ ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ಒಂದೇ ಸೀಸನ್‌ಗೆ 41 ಗೋಲು ಹೊಡೆದಿದ್ದು 32ರಲ್ಲಿ. ಬಾಸ್ಟನ್ ಎರಡು ವರ್ಷ ಕಾದ. ಕೊನೆಗೆ ಆಡುವುದಿರಲಿ, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಲು ಅವನು ತೆವಳಬೇಕಾಯಿತು. ಅದನ್ನು ಅವನೇ ಹೇಳಿಕೊಂಡಿದ್ದಾನೆ. ನೋವು ತಾಳಲಾರದೆ ಆಮೇಲೆ ಆ್ಯಂಕಲ್ ಕೀಲನ್ನೇ ಸೇರಿಸಿ ಬಿಗಿ ಮಾಡಿಸಿಕೊಂಡ. ಮುಂದೆ ಅವನು ಹಾಲೆಂಡ್ ತಂಡದ ಕೋಚ್ ಆದ, 2008ರ ಯೂರೋದಲ್ಲಿ ಇಟಲಿಯನ್ನು 3-0, ಫ್ರಾನ್ಸ್ ಅನ್ನು 4-1ರಿಂದ ಸೋಲಿಸಿದ. ಚೆನ್ನಾಗಿತ್ತು. ಆದರೂ ನನ್ನ ಮನಸ್ಸು ಆ ಕಾಲಿನ ಹತ್ತಿರವೇ ನಿಂತಿದೆ.

ಗೆಳೆಯರೇ, ರೀಲ್ ಹಂಚಿ, ಬೇಡ ಅನ್ನಲ್ಲ. ಅದರ ಜೊತೆಗೆ ಇನ್ನೊಂದು ವಿಡಿಯೋನೂ ಹಾಕಿ. 1995ರ ಆಗಸ್ಟ್, ಮಿಲಾನ್‌ನ ಮೈದಾನ ಸ್ಯಾನ್ ಸಿರೊ, ಪಂದ್ಯಕ್ಕೆ ಮುಂಚೆ. ಬಾಸ್ಟನ್ ಜೆರ್ಸಿ ಹಾಕಿಲ್ಲ, ಮೇಲೊಂದು ಜಾಕೆಟ್ ಇದೆ. ಮೈದಾನಕ್ಕೆ ಒಂದು ಸುತ್ತು ಹಾಕುತ್ತಾ ಜನರತ್ತ ಕೈ ಬೀಸುತ್ತಾನೆ, ಚಪ್ಪಾಳೆ ತಟ್ಟುತ್ತಾನೆ. ಇಡೀ ಕ್ರೀಡಾಂಗಣ ಎದ್ದು ನಿಂತಿದೆ. ಬೆಂಚ್ ಹತ್ತಿರ ಮಿಲಾನ್ ಕೋಚ್ ಫಾಬಿಯೊ ಕಪೆಲ್ಲೊ, ಅಷ್ಟು ಗಟ್ಟಿ ಮನುಷ್ಯ, ಅಳುತ್ತಿದ್ದಾರೆ.