ಬಣ್ಣ ನಂಬಿ ಬಿದ್ದವರು

‘ಲೂಸಿಯಾ’ ಮಾತು ಬಂದಾಗಲೆಲ್ಲ “ಆ ಕ್ಲೈಮ್ಯಾಕ್ಸ್ ಇದೆಯಲ್ಲ ಗುರು…” ಅಂತಲೇ ಹರಟೆ ಶುರುವಾಗುತ್ತದೆ. ನನಗೆ ಆ ತಿರುವಿಗಿಂತ, ಅದಕ್ಕೆ ನಾವೆಲ್ಲ ಅಷ್ಟು ಸಲೀಸಾಗಿ ಬಿದ್ದದ್ದು ಹೇಗೆ ಅನ್ನುವುದೇ ಹೆಚ್ಚು ಮಜಾ. (2013ರ ಕನ್ನಡ ಸಿನಿಮಾ. ಇನ್ನೂ ನೋಡಿಲ್ಲದ ಪುಣ್ಯಾತ್ಮರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಬಿಚ್ಚಿಡುತ್ತಿದ್ದೇನೆ.)

ನಿಕ್ಕಿ ಬೆಂಗಳೂರಿನ ಒಂದು ಹಳೇ ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ. ರಾತ್ರಿ ನಿದ್ದೆ ಹತ್ತುವುದಿಲ್ಲ. ಲೂಸಿಯಾ ಅನ್ನುವ ಮಾತ್ರೆ ಸಿಗುತ್ತದೆ, ನುಂಗಿದರೆ ಕನಸಿನಲ್ಲಿ ಅವನು ನಿಖಿಲ್, ದೊಡ್ಡ ಸಿನಿಮಾ ಸ್ಟಾರ್. ಕನಸು ನಿನ್ನೆ ನಿಂತಲ್ಲಿಂದಲೇ ಇವತ್ತು ಮುಂದುವರಿಯುತ್ತದೆ. ನಿಕ್ಕಿಯ ಬದುಕು ಬಣ್ಣದಲ್ಲಿ, ನಿಖಿಲ್‌ದು ಕಪ್ಪು ಬಿಳುಪಿನಲ್ಲಿ. ಕೊನೆಗೆ ಗೊತ್ತಾಗುವುದೇನೆಂದರೆ ಸ್ಟಾರ್ ನಿಜ, ಟಾರ್ಚ್ ಹುಡುಗನೇ ಕನಸು.

ನಿರ್ದೇಶಕ ಪವನ್ ಕುಮಾರ್ ಉತ್ತರವನ್ನು ಮೊದಲಿಂದಲೂ ಕಣ್ಣೆದುರಿಗೇ ಇಟ್ಟಿದ್ದರು. ಆದರೆ ಕಪ್ಪು ಬಿಳುಪು ಕಂಡರೆ ಫ್ಲ್ಯಾಶ್‌ಬ್ಯಾಕೋ ಕನಸೋ ಅಂದುಕೊಳ್ಳುವುದನ್ನು ನಮಗೆ ಸಿನಿಮಾಗಳೇ ರೂಢಿ ಮಾಡಿಸಿವೆ. ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ಕನಸು ಕಾಣುವುದು ಇಲ್ಲದವನ ಕೆಲಸ. ಬಡವ ಸ್ಟಾರ್ ಆಗುವ ಕನಸು ಕಂಡರೆ ಯಾರೂ ಕಾರಣ ಕೇಳುವುದಿಲ್ಲ. ಸ್ಟಾರ್ ಒಬ್ಬ ಟಾಕೀಸಿನ ಕತ್ತಲಲ್ಲಿ ಟಾರ್ಚ್ ಹಿಡಿದು ನಿಲ್ಲುವ ಕನಸು ಕಂಡಾನು ಅಂತ ನಮಗೆ ಹೊಳೆಯುವುದೇ ಇಲ್ಲ.

ನಮ್ಮಲ್ಲಿ ಇದು ಹೊಸ ಕಥೆಯೂ ಅಲ್ಲ. ಜನಕ ಮಹಾರಾಜ ಒಮ್ಮೆ ತಾನು ಹಸಿದು ಅಲೆಯುವ ಭಿಕ್ಷುಕನಾದಂತೆ ಕನಸು ಕಂಡ, ಎದ್ದು ಕೂತವನು “ಅದು ಸತ್ಯವೋ, ಇದು ಸತ್ಯವೋ?” ಅಂತ ಕಂಡಕಂಡವರನ್ನೆಲ್ಲ ಕೇಳಿದ. ಅದೂ ಸತ್ಯವಲ್ಲ, ಇದೂ ಸತ್ಯವಲ್ಲ, ಎರಡನ್ನೂ ಕಂಡ ನೀನೇ ಸತ್ಯ ಅಂದದ್ದು ಅಷ್ಟಾವಕ್ರ. ಅಲ್ಲೂ ಇದ್ದವನೇ ಇಲ್ಲದವನಾಗುವ ಕನಸು ಕಾಣುತ್ತಾನೆ. ವ್ಯತ್ಯಾಸ ಇರುವುದು ಎಚ್ಚರವಾದ ಮೇಲೆ. ಜನಕನಿಗೆ ಆ ಹಸಿವು ದಿಗಿಲು ಹುಟ್ಟಿಸಿತು. ನಿಖಿಲ್‌ಗೆ ಅದೇ ಬದುಕು ಬೇಕು, ಮಾತ್ರೆ ನುಂಗಿಯಾದರೂ ಬೇಕು. ಸಿನಿಮಾದ ನಿಜವಾದ ವಿಷಾದ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ.

ಆ ಕಣ್ಣಿನಿಂದ ಮತ್ತೊಮ್ಮೆ ನೋಡಿ. ನಿಕ್ಕಿಯ ಬಡತನ ಎಲ್ಲೂ ಅಷ್ಟಾಗಿ ಚುಚ್ಚುವುದಿಲ್ಲ. ಮಾತಿನಲ್ಲಿ ಹಳ್ಳಿಯ ಸೊಗಡು, ತುಂಬು ಪ್ರೀತಿ ತೋರುವ ಯಜಮಾನ ಶಂಕರಣ್ಣ, ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ, ಜೊತೆಗೆ ಪೂರ್ಣಚಂದ್ರ ತೇಜಸ್ವಿಯವರ ಸಂಗೀತ, ನವೀನ್ ಸಜ್ಜು ದನಿ. ಇಷ್ಟು ಚೆಂದದ ಬಡತನ ಎಲ್ಲಿದೆ ಸ್ವಾಮಿ? ಬೇರೆ ಸಿನಿಮಾದಲ್ಲಾಗಿದ್ದರೆ ಇದನ್ನು ದೋಷ ಅಂತಲೇ ಬರೆಯುತ್ತಿದ್ದೆ. ಇಲ್ಲಿ ಸರಿಯಾಗಿ ಕೂರುತ್ತದೆ, ಯಾಕೆಂದರೆ ಅದು ಬಡವನ ಬದುಕಲ್ಲ, ಎಸಿ ಕೋಣೆಯಲ್ಲಿ ಮಲಗಿದ ಒಬ್ಬ ಸ್ಟಾರ್ ಕಲ್ಪಿಸಿಕೊಂಡ ಬಡತನ. ಬಾಡಿಗೆ ಕಟ್ಟುವ ದಿನದ ಸಂಕಟ ಆ ಕಲ್ಪನೆಯೊಳಗೆ ಬರುವುದಾದರೂ ಹೇಗೆ? ಎರಡೂ ಪಾತ್ರ ಮಾಡಿರುವ ಸತೀಶ್ ನೀನಾಸಂ ಇದನ್ನು ಅರ್ಥ ಮಾಡಿಕೊಂಡೇ ಆಡಿದ್ದಾರೆ ಅನ್ನಿಸುತ್ತದೆ. ನಿಕ್ಕಿಯ ಮೈ ಸಡಿಲ, ನಿಖಿಲ್‌ನ ಮೈ ಬಿಗಿ. ಅಚ್ಯುತ್ ಕುಮಾರ್ ಅಂತೂ ಬಿಡಿ, ಒಂದು ಕಡೆ ಟಾಕೀಸಿನ ಯಜಮಾನ, ಇನ್ನೊಂದು ಕಡೆ ಸ್ಟಾರಿನ ಮ್ಯಾನೇಜರ್, ಎರಡೂ ಕಡೆ ಅದೇ ಕಾಳಜಿ.

ದುಡ್ಡಿನ ಕಥೆ ಎಲ್ಲರಿಗೂ ಗೊತ್ತು: ಈ ಸಿನಿಮಾ ಮಾಡಲು 110 ಮಂದಿ ಪ್ರೇಕ್ಷಕರೇ ಸೇರಿ 27 ದಿನದಲ್ಲಿ 51 ಲಕ್ಷ ರೂಪಾಯಿ ಹಾಕಿದರು. ಅದನ್ನೇ ಇವತ್ತಿಗೂ ದೊಡ್ಡ ಸಾಧನೆ ಅಂತ ಹೇಳುತ್ತಾ ಕೂರುವುದು ನನಗೆ ಬೇಸರ. ದುಡ್ಡು ಹಾಗೆ ಬಂದದ್ದರಿಂದ ಕಥೆಗೆ ಏನು ದಕ್ಕಿತು ಅನ್ನುವುದು ಮುಖ್ಯ. ಹೀರೋನನ್ನು ಅರ್ಧ ಸಿನಿಮಾ ಕಪ್ಪು ಬಿಳುಪಿನಲ್ಲಿ ಇಡುತ್ತೇನೆ ಅಂದರೆ ಮಾಮೂಲಿ ನಿರ್ಮಾಪಕರು ಕಾಫಿ ಕುಡಿಸಿ ಕಳಿಸುತ್ತಿದ್ದರು ಅಷ್ಟೆ. 2015ರಲ್ಲಿ ಇದೇ ಕಥೆ ತಮಿಳಿಗೆ ಹೋಯಿತು, ಸಿದ್ಧಾರ್ಥ್ ಮಾಡಿದರು.

ತಕರಾರು ಇಲ್ಲ ಅಂತಲ್ಲ. ಪೊಲೀಸ್ ತನಿಖೆಯ ಭಾಗ ನನಗೆ ಈಗಲೂ ಎಳೆದಾಟ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡದು ಎರಡೂ ಬದುಕಿನಲ್ಲಿ ಬರುವ ಶ್ವೇತಾ ವಿಷಯ. ಶ್ರುತಿ ಹರಿಹರನ್ ಕೊಟ್ಟಷ್ಟರಲ್ಲಿ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಕನಸಿನ ಶ್ವೇತಾಳನ್ನು ನಿಖಿಲ್ ತನಗೆ ಬೇಕಾದ ಹಾಗೆ ಕಡೆದುಕೊಂಡಿದ್ದಾನೆ, ಒಪ್ಪೋಣ. ಕಪ್ಪು ಬಿಳುಪಿನ ಶ್ವೇತಾ ಯಾರ ಕನಸೂ ಅಲ್ಲವಲ್ಲ. ಅವಳಾದರೂ ಸ್ವಂತ ಮನಸ್ಸಿನ ಹೆಂಗಸಾಗಿ ಕಾಣಬೇಕಿತ್ತು. ಅವಳನ್ನೂ ನಾವು ನೋಡುವುದು ನಿಖಿಲ್ ಕಣ್ಣಿನಿಂದಲೇ. “ಕಥೆಯೇ ಅವನ ತಲೆಯೊಳಗೆ ನಡೆಯೋದು ಕಣೋ” ಅಂತ ಗೆಳೆಯನೊಬ್ಬ ವಾದ ಹೂಡುತ್ತಾನೆ. ಕನಸಿನ ಭಾಗಕ್ಕೆ ಆ ಸಮಜಾಯಿಷಿ ಸಾಕು, ಎಚ್ಚರದ ಭಾಗಕ್ಕೆ ಸಾಲದು ಅಂತ ನಾನು. ನೀವೇನಂತೀರಿ?