ಮಂಚಕ್ಕೆ ಬೆಲೆ ಕಟ್ಟಿದರು, ಕಸೂತಿಗೆ ಕಟ್ಟಲಿಲ್ಲ

ಹೋದ ತಿಂಗಳು ಧಾರವಾಡದ ನಮ್ಮ ಮನೆಯ ತೂಗುಮಂಚವನ್ನು ನೋಡಲು ಹಳೆಯ ಸಾಮಾನು ಕೊಳ್ಳುವವರೊಬ್ಬರು ಬಂದಿದ್ದರು. ಸಾಗವಾನಿಯ ಹಲಗೆಯನ್ನು ತಟ್ಟಿ ನೋಡಿದರು, ಹಿತ್ತಾಳೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎತ್ತಿ ತೂಗಿದರು, ಒಳ್ಳೆಯ ದರವನ್ನೇ ಹೇಳಿದರು. ಕೊನೆಗೆ ಗಾದಿಯ ಹೊದಿಕೆಯನ್ನೂ ಲೋಡಿನ ಗವಸನ್ನೂ ತೋರಿಸಿ, "ಇವನ್ನು ನೀವೇ ಇಟ್ಟುಕೊಳ್ಳಿ ಅಕ್ಕಾ, ನಾವು ಹೊಸ ಬಟ್ಟೆ ಹಾಕಿಸುತ್ತೇವೆ" ಎಂದರು.

ಒಳಗಿದ್ದ ಅವ್ವನಿಗೆ ಅದು ಕೇಳಿಸಿತು. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಅದು ನುಂಗಲಾಗದ ತುತ್ತು.

ಆ ಹೊದಿಕೆಯ ಅಂಚಿನಲ್ಲಿ ಸಾಲಾಗಿ ಕಸೂತಿಯ ತೇರು, ತುಳಸಿ ಕಟ್ಟೆ, ಅಂಬಾರಿ ಹೊತ್ತ ಆನೆಗಳಿವೆ. ಮುತ್ತಜ್ಜಿ ಆರಂಭಿಸಿದ ಸಾಲು ಅದು. ಮೂಲೆಯ ಆನೆಗೆ ಬರುವಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ಹಾಗಾಗಿ ಆ ಆನೆಯ ಮೂರು ಕಾಲು ಮಾಸಿದ ಹೆಂಚಿನ ಬಣ್ಣ, ನಾಲ್ಕನೆಯದು ದಾಳಿಂಬೆ ಕೆಂಪು. ಆ ಕಾಲು ಅಜ್ಜಿಯದು. ಮುಂದೆ ಅಂಚು ಸವೆದಾಗ ಹೊಸ ಪಟ್ಟಿ ಜೋಡಿಸಿ ನವಿಲುಗಳನ್ನು ಹಾಕಿದವರೂ ಅಜ್ಜಿಯೇ. ಲೋಡಿನ ಗವಸು ಪೂರ್ತಿ ಅವ್ವನ ಕೈಯದು.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಎಂಬ ಬಗೆಯಲ್ಲಿ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಸಾಗಿ, ಬಿಟ್ಟದ್ದನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು. ಮುರ್ಗಿ ಎಂಬ ಬಗೆಯಲ್ಲಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡರಲ್ಲೂ ಬಟ್ಟೆಯ ಹಿಂಬದಿ, ಮುಂಬದಿ ಒಂದೇ ಸಮ ಕಾಣಬೇಕು. ದಾರಕ್ಕೆ ಗಂಟು ಕೂಡದು. ಒಂದೇ ಒಂದು ಎಳೆ ತಪ್ಪಿದರೂ ಗೋಪುರದ ಎರಡು ಬದಿಗಳು ತುದಿಯಲ್ಲಿ ಕೂಡುವುದಿಲ್ಲ, ಬಿಚ್ಚಲೇಬೇಕು. ಅವ್ವನ ಪಕ್ಕದಲ್ಲಿ ಕುಳಿತು ಅಂಗೈ ಅಗಲದ ಗೋಪುರವೊಂದನ್ನು ಹಾಕಿದೆ. ಎರಡು ವಾರದ ಸಂಜೆಗಳು ಬೇಕಾದವು.

ಇಷ್ಟು ಲೆಕ್ಕ, ಇಷ್ಟು ದುಡಿಮೆ ಇರುವ ವಸ್ತು ಮರದ ಮುಂದೆ ಹೇಗೆ ಸೊನ್ನೆಯಾಗುತ್ತದೆ? ಧಾರವಾಡದ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ನಮಗೆ ಹೆಮ್ಮೆಯೂ ಇದೆ. ಆದರೆ ಮನೆ ಪಾಲಾಗುವಾಗ ಮಂಚ, ಕಪಾಟು, ಕೊಳಗ ಎಲ್ಲವೂ ಪಟ್ಟಿಗೆ ಬರುತ್ತವೆ, ಹೆಂಗಸರ ಸೂಜಿಗೆಲಸ ಮಾತ್ರ "ಹಳೆಯ ಬಟ್ಟೆ"ಯ ಗಂಟಿಗೆ ಸೇರುತ್ತದೆ. ಇನ್ನು ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನೇ ಕತ್ತರಿಸಿ ಕುರ್ಚಿಯ ದಿಂಬಿಗೆ ಹೊಲಿಸುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಹುಡುಗಿ ಮದುವೆಯಲ್ಲಿ ಉಟ್ಟ ಸೀರೆ ಅದು.

ಹಾಗೆಂದು ಟ್ರಂಕಿನಲ್ಲಿ ಮುಚ್ಚಿಡಿ ಎನ್ನುತ್ತಿಲ್ಲ. ನಮ್ಮ ಹೊದಿಕೆಯ ಮೇಲೆ ಅಜ್ಜಿ ಎಲೆ ಅಡಿಕೆ ಹಾಕಿಕೊಂಡ ಸುಣ್ಣದ ಕಲೆಯಿದೆ, ನಾನು ಮಲಗಿ ಬೆಳೆದದ್ದೂ ಅದರ ಮೇಲೆಯೇ. ಕುಳಿತುಕೊಳ್ಳಲೆಂದೇ ಮಾಡಿದ್ದು, ಕುಳಿತುಕೊಳ್ಳಿ. ಕತ್ತರಿಸಬೇಡಿ, ಮಂಚದಿಂದ ಬೇರ್ಪಡಿಸಬೇಡಿ, ಯಾರು ಹೊಲಿದರು ಎಂಬುದನ್ನು ಬರೆದಿಡಿ.

ಬರೆದಿಡಲು ನಾನು ಕುಳಿತಾಗ ತಲೆ ತಗ್ಗಿಸುವಂತಾಯಿತು. ಮಂಚ ಮಾಡಿದ್ದು ಯಾವ ಬಡಿಗೇರರ ಮನೆಯವರು, ಮುತ್ತಜ್ಜ ಎಷ್ಟಕ್ಕೆ ಮಾಡಿಸಿದರು, ಎಲ್ಲರಿಗೂ ಬಾಯಿಪಾಠ. ಮುತ್ತಜ್ಜಿಯ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ತೊಂಬತ್ತು ದಾಟಿದ ಸೋದರತ್ತೆಗೆ ಫೋನ್ ಮಾಡಿ ಕೇಳಬೇಕಾಯಿತು.

ಮಂಚ ಮಾರಲಿಲ್ಲ. ಹೊದಿಕೆಯ ಒಳಬದಿಗೆ ಬಿಳಿ ಪಟ್ಟಿಯೊಂದನ್ನು ಹಚ್ಚಿ, ಅದರ ಮೇಲೆ ಮೂವರ ಹೆಸರನ್ನೂ ಗವಂತಿಯಲ್ಲಿ ಹಾಕುತ್ತಿದ್ದೇನೆ. ಮುತ್ತಜ್ಜಿಯ ಹೆಸರು ಮುಗಿದಿದೆ. ನಿನ್ನೆ ಅವ್ವ ಕನ್ನಡಕ ಏರಿಸಿ ಪಟ್ಟಿಯನ್ನು ತಿರುಗಿಸಿ ನೋಡಿದಳು. ಎರಡನೆಯ ಅಕ್ಷರದಲ್ಲಿ ಒಂದು ಎಳೆ ಹೆಚ್ಚಾಗಿದೆಯಂತೆ, ಬಿಚ್ಚಬೇಕು.