ಕಚ್ಚಿ ಕುಡಿಯಬಾರದ ವೈನು

ವೈನಿಗೆ ಒಂದೆರಡು ಐಸು ಹಾಕಿಕೊಡಪ್ಪಾ ಎಂದಿದ್ದಕ್ಕೆ ಬಾರ್ಸಿಲೋನದ ಆ ಬಾರಿನ ಹುಡುಗ ನನ್ನನ್ನು ನೋಡಿದನಲ್ಲ, ಮದುವೆಮನೆ ಪಂಕ್ತಿಯಲ್ಲಿ ಪಾಯಸಕ್ಕೆ ಉಪ್ಪಿನಕಾಯಿ ಕೇಳಿದವನನ್ನೂ ಯಾರೂ ಹಾಗೆ ನೋಡಲಾರರು. ಆಗಸ್ಟ್ ತಿಂಗಳು. ಸಮುದ್ರದ ಊರಾದ್ದರಿಂದ ಬಿಸಿಲಿಗಿಂತ ಸೆಕೆಯದೇ ಕಾಟ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದು ನೈಸರ್ಗಿಕ ವೈನಿನ ಬಾರು. ಅಂದರೆ ಗೋಡೆಗೆ ಗಾರೆಯಿಲ್ಲ, ವೈನಿಗೆ ಸೋಸುವಿಕೆಯಿಲ್ಲ, ಸ್ಟೂಲಿಗೆ ಬೆನ್ನಿಲ್ಲ.

ಐಸಿನ ಬದಲು ಉಪನ್ಯಾಸ ಬಂತು. ಈ ವೈನು ಜೀವಂತವಂತೆ. ದ್ರಾಕ್ಷಿಯ ಜೊತೆಗೇ ಬಂದ ಯೀಸ್ಟಿನಿಂದ ತಾನಾಗಿ ಹುದುಗಿದ್ದಂತೆ. ವೈನು ಕೆಡದಂತೆ ಹಾಕುವ ಸಲ್ಫೈಟೆಂಬುದು ಇಲ್ಲವೇ ಇಲ್ಲವಂತೆ. ಸ್ವಾಮಿ, ಹುದುಗುವಾಗ ಯೀಸ್ಟೇ ಒಂದಿಷ್ಟು ಸಲ್ಫೈಟನ್ನು ಹುಟ್ಟಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಯುರೋಪಿನಲ್ಲಿ ಅದನ್ನು ಬಾಟಲಿಯ ಮೇಲೆ ಬರೆಯಬೇಕು, ಅಷ್ಟೆ. ‘ಮೇಲಿಂದ ಹಾಕಿಲ್ಲ’ ಅಂದಿದ್ದರೆ ನಾನು ತೆಪ್ಪಗಿರುತ್ತಿದ್ದೆ. ಗಂಟಲೊಣಗಿದಾಗ ಇಂಥ ವಿಷಯಗಳಲ್ಲಿ ನಾನು ಬಲು ಕಟ್ಟುನಿಟ್ಟು.

ವೈನು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪೆನೆದೆಸ್ ಸೀಮೆಯ ಸುಮೊಲ್ ದ್ರಾಕ್ಷಿಯದು. ಕೆಂಪಾದರೂ ಮೈ ತೆಳುವು, ಹುಳಿ ಮುಂದು, ತಣ್ಣಗೆ ಮಾಡಿ ಕುಡಿಯುವಂಥದ್ದು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಬೇಸಿಗೆಗೆ ಸಲೀಸಾಗಿ ಇಳಿಯುವ ವೈನು’ ಎಂದು ಬರೆದಿದ್ದರು. ಸಲೀಸಾಗಿ ಇಳಿಯುವುದಕ್ಕೆ ಇಷ್ಟೊಂದು ಷರತ್ತೆ? ನನಗೆ ಉರಿ ಹತ್ತಿದ್ದು ಅದೇ ಹಲಗೆಯ ಕೊನೆಯ ಸಾಲನ್ನು ಓದಿದಾಗ: ‘ನಮ್ಮ ಸ್ಪ್ರಿಟ್ಸ್’. ವೈನು, ಸೋಡಾ, ಕಿತ್ತಳೆ ಸಿಪ್ಪೆ, ಲೋಟದ ತುಂಬ ಐಸು. ಬೆಲೆ ಬರೀ ವೈನಿಗಿಂತ ಹೆಚ್ಚು. ಐಸನ್ನು ಅವನಾಗಿ ಹಾಕಿದರೆ ಕಲೆ, ನಾನು ಕೇಳಿದರೆ ಅಪಚಾರ!

ಅದೇ ದೇಶದ ಸಾಮಾನ್ಯ ಜನ ಬೇಸಿಗೆಯಲ್ಲಿ ಏನು ಮಾಡುತ್ತಾರೆ? ಅಗ್ಗದ ಕೆಂಪು ವೈನಿಗೆ ಸಿಹಿಸೋಡಾ ಸುರಿದು, ಐಸು ತುಂಬಿ, ನಿಂಬೆಯ ಬಿಲ್ಲೆ ಹಾಕಿ, ‘ತಿಂತೊ ದೆ ವೆರಾನೊ’ ಎಂದು ಕುಡಿದು ಸುಮ್ಮನಾಗುತ್ತಾರೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಕೋರ್ದೊಬಾದ ವಾರ್ಗಾಸ್ ಎಂಬ ಹೋಟೆಲಿನವನೊಬ್ಬ ಇದನ್ನು ಶುರುಮಾಡಿದ ಎಂದು ಆ ಕಡೆ ಹೇಳುತ್ತಾರೆ. ಆ ಊರಿನ ಜುಲೈ ಬಿಸಿಲು ಕಂಡವರಿಗೆ ಅವನ ಮೇಲೆ ಅನುಮಾನ ಬರುವುದಿಲ್ಲ. ಸೆವಿಲ್ಲಿನ ಏಪ್ರಿಲ್ ಜಾತ್ರೆಯಲ್ಲಿ ಮಂಜನಿಯಾ ಎಂಬ ಶೆರ್ರಿ ವೈನಿಗೆ ನಿಂಬೆಸೋಡಾ ಬೆರೆಸಿ ಪುದೀನ ಹಾಕಿ ‘ರೆಬುಹಿತೊ’ ಎನ್ನುತ್ತಾರೆ. ಬಾಸ್ಕ್ ಕಡೆಯವರಂತೂ ವೈನಿಗೆ ಕೋಕಾ-ಕೋಲಾವನ್ನೇ ಹೊಯ್ದರು. 1972ರಲ್ಲಿ ಅಲ್ಗೊರ್ತದ ಹಳೇ ಬಂದರಿನ ಹಬ್ಬಕ್ಕೆ ತರಿಸಿದ್ದ ವೈನು ಕೆಟ್ಟುಹೋಗಿತ್ತಂತೆ, ಚೆಲ್ಲಲು ಮನಸ್ಸಾಗದೆ ಹುಡುಗರು ಕೋಲಾ ಬೆರೆಸಿ ‘ಕಲಿಮೊಚೊ’ ಎಂದು ಮಾರಿಬಿಟ್ಟರಂತೆ. ಉಪನ್ಯಾಸ ಕೊಡಲು ಅವರಿಗೆಲ್ಲಿ ಪುರುಸೊತ್ತು?

ಬೇಸಿಗೆಗೆ ಯಾವ ವೈನು, ಯಾಕೆ ಎಂಬ ಬಗ್ಗೆ ನನ್ನದೇ ಒಂದು ಸಿದ್ಧಾಂತವಿದೆ. ಹೇಳುತ್ತೇನೆ. ಅದಕ್ಕೆ ಮೊದಲು ಪೊರ್ರೊ ವಿಷಯ ಮುಗಿಸಿಬಿಡುತ್ತೇನೆ.

ಗಿಂಡಿ ಕಂಡವರಿಗೆ ಪೊರ್ರೊ ಎಂದರೇನೆಂದು ವಿವರಿಸಬೇಕಿಲ್ಲ. ಗಾಜಿನದು, ಕೊಳವೆ ಇನ್ನಷ್ಟು ಉದ್ದ, ತುದಿ ಇನ್ನಷ್ಟು ಚೂಪು. ಕ್ಯಾಟಲೋನಿಯಾದ ಹಳ್ಳಿಯೂಟದಲ್ಲಿ ಇದಕ್ಕೆ ವೈನು ತುಂಬಿ ಕೈಯಿಂದ ಕೈಗೆ ದಾಟಿಸುತ್ತಾರೆ. ಲೋಟವಿಲ್ಲ. ತುಟಿ ತಾಗಿಸುವಂತಿಲ್ಲ. ಕೈಚಾಚಿ ಎತ್ತಿ, ದೂರದಿಂದ ಬಾಯಿಗೆ ಧಾರೆ ಬಿಟ್ಟುಕೊಳ್ಳಬೇಕು. ಹೊಸಬನ ಕೈಗೆ ಅದು ಬಂದಾಗ ಇಡೀ ಮೇಜು ಮಾತು ನಿಲ್ಲಿಸುತ್ತದೆ; ಅವನ ಅಂಗಿಯ ಮೇಲೆ ಕೆಂಪು ಬೀಳುವುದನ್ನು ನೋಡುವುದು ಊಟದ ಒಂದು ಭಾಗ. ನನ್ನ ಬಿಳಿ ಅಂಗಿಯ ಮೇಲೂ ಅವರಿಗೆ ಅಪಾರ ಭರವಸೆಯಿತ್ತು.

ನಾನು ಬೆಳೆದ ಮನೆ ಅವರಿಗೇನು ಗೊತ್ತು! ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಚೊಂಬಿಗೆ ತುಟಿ ತಾಗಿದ ಸದ್ದು ಒಳಗಿನ ಕೋಣೆಯಲ್ಲಿದ್ದ ಅಜ್ಜಿಗೆ ಕೇಳುತ್ತಿತ್ತು. “ಕಚ್ಚಿ ಕುಡೀಬೇಡ್ವೋ, ಎತ್ತಿ ಕುಡಿ!” ಜ್ವರ ಬಂದು ಮಲಗಿದ್ದರೂ ರಿಯಾಯಿತಿಯಿಲ್ಲ. ಬಾಯಿ ಮುಚ್ಚದೆ ನುಂಗುವ ವಿದ್ಯೆ ನಮಗೆ ಅಕ್ಷರಾಭ್ಯಾಸಕ್ಕೂ ಮೊದಲು ಬಂದದ್ದು. ಹೀಗಾಗಿ ನಾನು ಕತ್ತು ಹಿಂದಕ್ಕೆ ವಾಲಿಸಿದೆ, ಪೊರ್ರೊ ಎತ್ತಿದೆ, ಬಿಟ್ಟುಕೊಂಡೆ. ಚೊಂಬಿನ ಧಾರೆಗಿಂತ ಸಣ್ಣ, ಹುರಿಹಗ್ಗದಂಥ ಧಾರೆ. ಹಲ್ಲಿನ ಹಿಂದೆ ಬಿದ್ದು ಕಚಗುಳಿಯಿಡುತ್ತದೆ. ಕಷ್ಟವಿರುವುದು ಶುರುಮಾಡುವುದರಲ್ಲಲ್ಲ, ನಿಲ್ಲಿಸುವುದರಲ್ಲಿ. ಮಣಿಕಟ್ಟನ್ನು ಪಟ್ಟನೆ ತಿರುಗಿಸದಿದ್ದರೆ ಕಡೇ ಹನಿ ಗದ್ದಕ್ಕೆ, ಅಲ್ಲಿಂದ ಅಂಗಿಗೆ. ನನ್ನ ಮಣಿಕಟ್ಟು ಅಜ್ಜಿಯ ಕೈಯಲ್ಲಿ ಪಳಗಿದ್ದು.

ಮೇಜಿನ ತುದಿಯ ಮುದುಕರೊಬ್ಬರಿಗೆ ಇದು ಸಹಿಸಲಿಲ್ಲ. ಇನ್ನೂ ದೂರ ಹಿಡಿ ಎಂದು ಕೈಸನ್ನೆ ಮಾಡಿದರು. ಹಿಡಿದೆ. ಆಮೇಲೆ ತಾವೇ ಪೊರ್ರೊ ಇಸಿದುಕೊಂಡು, ಹಣೆಯ ಮೇಲೆ ಬಿಟ್ಟು, ಮೂಗಿನ ಗುಂಟ ಇಳಿಸಿ ಬಾಯಿಗೆ ತಂದುಕೊಂಡರು. ಮೇಜೆಲ್ಲ ಚಪ್ಪಾಳೆ. ನನ್ನ ಪ್ರಕಾರ ಅದು ಅಕ್ರಮ. ವೈನು ಹಣೆಗೆ, ಮೂಗಿಗೆ, ಬಿಳಿ ಮೀಸೆಗೆಲ್ಲ ತಾಗಿ ಬಂದ ಮೇಲೆ ಎತ್ತಿ ಕುಡಿದ ಫಲವೇನು ಬಂತು? ಅಜ್ಜಿ ಇದ್ದಿದ್ದರೆ ಅವರಿಗೆ ಸೊನ್ನೆ, ನನಗೆ ಅರ್ಧ ಅಂಕ. ಕುಡಿದ ಕ್ರಮದಲ್ಲಿ ಲೋಪವಿರಲಿಲ್ಲ. ಪಾತ್ರೆಯೊಳಗಿದ್ದದ್ದರ ಬಗ್ಗೆ ಅವಳು ಬೇರೆ ವಿಚಾರಣೆ ಇಡುತ್ತಿದ್ದಳು.

ಸಿದ್ಧಾಂತವನ್ನು ಮುಂದೆಂದಾದರೂ ನೋಡೋಣ. ಅದಕ್ಕಿಂತ ತುರ್ತಾಗಿ, ವೈನಿಗೆ ಹಣ್ಣಿನ ರಸ ಬೆರೆಸಿ ಮಾಡುವ ಸಾಂಗ್ರಿಯಾದ ಬಗ್ಗೆ ಒಂದು ತಕರಾರಿದೆ. 2014ರ ಐರೋಪ್ಯ ಒಕ್ಕೂಟದ ಕಾಯ್ದೆ ಪ್ರಕಾರ ಸ್ಪೇನ್, ಪೋರ್ಚುಗಲ್ ಬಿಟ್ಟು ಅಲ್ಲಿನ ಬೇರಾವ ದೇಶದವರೂ ತಮ್ಮ ಸರಕನ್ನು ಬರೀ ‘ಸಾಂಗ್ರಿಯಾ’ ಎಂದು ಮಾರುವಂತಿಲ್ಲ. ಒಳ್ಳೆಯದೇ. ಆದರೆ ಪ್ರವಾಸಿಗಳು ಕೂರುವ ಮೇಜುಗಳಿಗೆ ಅದರಲ್ಲಿ ಸೇಬು, ಕಿತ್ತಳೆ, ಪೀಚು ಎಲ್ಲ ಹೆಚ್ಚಿ ಹಾಕಿ ತರುವುದನ್ನು ತಡೆಯುವ ಕಾಯ್ದೆ ಯಾವುದೂ ಇಲ್ಲ. ತಳದಲ್ಲಿ ಉಳಿಯುವ ಸೇಬನ್ನು ಏನು ಮಾಡಬೇಕು? ಬೆರಳು ಹಾಕಿದರೆ ಅಸಹ್ಯ, ಬಿಟ್ಟರೆ ದುಡ್ಡು ಕೊಟ್ಟ ಹಣ್ಣು. ಒಂದು ಕಡೆ ಮಹಾನುಭಾವರೊಬ್ಬರು ಅದನ್ನು ಪೊರ್ರೊದಲ್ಲೇ ತುಂಬಿಸಿ ತಂದಿಟ್ಟರು. ಸೇಬಿನ ಹೋಳು ಹೋಗಿ ಕೊಳವೆಯ ಬುಡದಲ್ಲಿ ಸಿಕ್ಕಿಕೊಂಡಿತು. ಅಲ್ಲಾಡಿಸಿದರೆ ಹೋಗದು, ತಟ್ಟಿದರೆ ಹೋಗದು, ತುದಿಯಿಂದ ಊದಿದರೆ ಹೋಗುತ್ತದೆ. ಊದಬೇಕೆಂದರೆ ಕಚ್ಚಬೇಕು.